ಎರಡು ಜೊತೆ ಬೂಟು

ಒಂದೇ ಅಂಗಡಿಯ, ಒಂದೇ ಅಳತೆಯ, ಒಂದೇ ಕಂದು ಬಣ್ಣದ ಎರಡು ಜೊತೆ ಬೂಟುಗಳು ಮನೆಗೆ ಬಂದ ದಿನವೇ ಅಕ್ಕ ತಂಗಿಗೆ ಕಟ್ಟಳೆ ಮಾಡಿಬಿಟ್ಟಳು.

"ಸೋಮವಾರದಿಂದ ಶನಿವಾರ ನನ್ನ ಬೂಟು ಹಾಕ್ಕೊಂಡು ಕೆಲಸಕ್ಕೆ ಹೋಗು. ಭಾನುವಾರ ನಿಂದು ಹಾಕ್ಕೋ. ಹೊಸ ಬೂಟು ಕಚ್ಚತ್ತೆ. ಕಚ್ಚೋದೆಲ್ಲ ಮುಗಿಸಿ ನಂಗೆ ಕೊಡು."

"ಅಕ್ಕನ ಕಾಲು ಮೊದಲೇ ಮೆತ್ತಗೆ," ಎಂದಳು ಅಮ್ಮ, ಬೀನ್ಸಿನ ನಾರು ತೆಗೆಯುತ್ತ. "ನಿಂದು ಹೇಗೂ ಕತ್ತೆಕಾಲು."

ತಂಗಿ ಏನೂ ಅನ್ನಲಿಲ್ಲ. ಹಾಗೆ ಏನೂ ಅನ್ನದೆ ಇರುವುದಕ್ಕೇ ಮನೆಯಲ್ಲಿ ಅವಳಿಗೆ ಮೂಗಿ ಎಂದು ಹೆಸರು ಬಿದ್ದಿತ್ತು. ಹದಿನಾಲ್ಕಕ್ಕೇ ಶಾಲೆ ಬಿಟ್ಟಾಗಲೂ ಅವಳು ಏನೂ ಅಂದಿರಲಿಲ್ಲ. ಬಾಯಿ ಇಲ್ಲದಿದ್ದರೇನು, ಕಣ್ಣಿತ್ತು. ಹೊರದೇಶದ ಬೆಟ್ಟಗಳಲ್ಲಿ ಹನ್ನೊಂದು ದಿನ, ಇನ್ನೂರು ಕಿಲೋಮೀಟರ್ ನಡೆಯುವ ತಂಡವೊಂದರ ಪ್ರವಾಸಕ್ಕೆ ಅಕ್ಕ ತನ್ನನ್ನು ಯಾಕೆ ಸೇರಿಸಿಕೊಂಡಳೆಂದು ಅವಳು ಮೊದಲೇ ಕಂಡುಕೊಂಡಿದ್ದಳು. ಅಕ್ಕನ ಗೆಳತಿ ಕೈಕೊಟ್ಟಿದ್ದಳು. ಒಂದು ಟೆಂಟಿಗೆ ಇಬ್ಬರು ಬೇಕಿತ್ತು. ಅಕ್ಕನ ಚೀಲಕ್ಕೆ ಇನ್ನೊಂದು ಬೆನ್ನು ಬೇಕಿತ್ತು.

ಆದರೂ ಅವಳು ಒಪ್ಪಿಕೊಂಡಳು. ಪಾಸ್‌ಪೋರ್ಟ್ ಬಂದ ದಿನ ಅದನ್ನು ದಿಂಬಿನ ಕವರಿನೊಳಗೆ ಇಟ್ಟುಕೊಂಡು ಮಲಗಿದಳು. ತನ್ನ ಹೆಸರು ಅಚ್ಚಾಗಿದ್ದ ಮೊದಲ ಪುಸ್ತಕ ಅದು.

ತಂಗಿಗೆ ಕೆಲಸ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ. ನೆಲಮಾಳಿಗೆಯಲ್ಲಿ ಒಗೆದು, ಒಣಗಿಸಿ, ಇಸ್ತ್ರಿಯಾದ ಬಿಸಿ ಹಾಸುಬಟ್ಟೆಗಳನ್ನು ಆರನೇ ಮಹಡಿಯವರೆಗೆ ಹೊತ್ತು ಮುಟ್ಟಿಸಬೇಕು. ಲಿಫ್ಟು ರೋಗಿಗಳಿಗೆ ಮಾತ್ರ. ನೂರ ಹದಿನೆಂಟು ಮೆಟ್ಟಿಲು, ದಿನಕ್ಕೆ ಒಂಬತ್ತು ಸಲ. ಅಕ್ಕನ ಬೂಟು ಮೊದಲ ದಿನವೇ ಹಿಮ್ಮಡಿ ಕಚ್ಚಿತು. ಮೂರನೇ ದಿನ ಕಿರುಬೆರಳು ಕಚ್ಚಿತು. ಕಾಲುಚೀಲ ಗಾಯಕ್ಕೆ ಅಂಟಿ, ಬಿಚ್ಚುವಾಗ ಚರ್ಮವೂ ಬಂತು. ಮೇಲ್ವಿಚಾರಕ ಅವಳ ಹೆಜ್ಜೆ ಕೇಳಿದಾಗಲೆಲ್ಲ "ಬಂತಪ್ಪ ಪಟಾಲಂ" ಎನ್ನುತ್ತಿದ್ದ.

ಸಂಜೆ ಮನೆಗೆ ಬಂದರೆ ಅಕ್ಕ ಹೇಳುವಳು, "ಇನ್ನೂ ಗಟ್ಟಿಯಿದೆ. ಹಾಲಲ್ಲೇ ಓಡಾಡು." ಅವಳು ಓಡಾಡುವಳು. ಕೆಳಗಿನ ಮನೆಯವಳು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುವಳು. ಅಮ್ಮ "ಮೆಲ್ಲಗೆ ಹೆಜ್ಜೆ ಇಡು, ಶನಿ" ಎನ್ನುವಳು. ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಕೂತು ಬಂದ ಅಕ್ಕ ಸೋಫಾದ ಮೇಲೆ ಕಾಲು ಚಾಚಿ ಬೆಟ್ಟದ ಚಿತ್ರಗಳನ್ನು ನೋಡುವಳು.

ಐದು ವಾರ ಕಳೆಯುವಷ್ಟರಲ್ಲಿ ಅಕ್ಕನ ಬೂಟು ಕೈಚೀಲದಷ್ಟು ಮೃದುವಾಯಿತು. ತಂಗಿಯದು ಹಲಗೆಯಂತೆಯೇ ಉಳಿಯಿತು.

ಹೊರಡಲು ಹತ್ತು ದಿನವಿದ್ದಾಗ ತಂಡದ ಮುಂದಾಳು ಎಲ್ಲರನ್ನೂ ಊರಾಚೆ ಇಪ್ಪತ್ತೆರಡು ಕಿಲೋಮೀಟರ್ ನಡೆಸಿದಳು. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತಳಾದ ಅಂಚೆಯವಳು ಅವಳು. ಮಾತು ಕಮ್ಮಿ, ನಡಿಗೆ ಜಾಸ್ತಿ. ಇವತ್ತು ಸೋತವರು ಅಲ್ಲಿಗೆ ಬರುವಂತಿಲ್ಲ ಎಂದು ಮೊದಲೇ ಹೇಳಿಬಿಟ್ಟಳು.

"ನಿನ್ನ ಬೂಟು ನೋಡು, ಗಾಡಿ ಚಕ್ರದ ಹಾಗೆ ಸದ್ದು ಮಾಡತ್ತೆ," ಎಂದು ಅಕ್ಕ ಎಂಟು ಕಿಲೋಮೀಟರ್ ತನಕ ನಕ್ಕಳು. ಹತ್ತರಲ್ಲಿ ನಗು ನಿಂತಿತು. ಹನ್ನೆರಡರಲ್ಲಿ ಚೀಲ ತಂಗಿಯ ಹೆಗಲಿಗೆ ಬಂತು. ಹದಿನೈದರಲ್ಲಿ ಅಕ್ಕ ಬೇಲಿಯ ಕಂಬ ಹಿಡಿದು ನಿಂತಳು. ಎಲ್ಲರೂ ತಲುಪಿ ಒಂದೂವರೆ ಗಂಟೆಯಾದ ಮೇಲೆ ಇಬ್ಬರೂ ತಲುಪಿದರು.

"ಇವಳಿಂದಾಗಿ ತಡ ಆಯ್ತು," ಎಂದಳು ಅಕ್ಕ. "ಹೆಜ್ಜೆಗೊಂದ್ಸಲ ನಿಲ್ತಾಳೆ. ಬಿಟ್ಟು ಬರೋಕಾಗತ್ತಾ, ಒಡಹುಟ್ಟಿದವಳು."

ತಂಗಿ ಎರಡು ಚೀಲಗಳ ಕೆಳಗೆ ನಿಂತು ನೆಲ ನೋಡಿದಳು. ಅಲ್ಲ ಎನ್ನಬೇಕಿತ್ತು.

ಅಂಚೆಯವಳು ವಾದ ಮಾಡಲಿಲ್ಲ. "ಬೂಟು ಬಿಚ್ಚಿ. ಇಬ್ಬರೂ," ಎಂದಳು.

ಅಕ್ಕನ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಒಡೆದು ಕಾಲುಚೀಲ ಕೆಂಪಾಗಿತ್ತು. ಹಲಗೆಯಂಥ ಬೂಟಿನಿಂದ ಹೊರಬಂದ ತಂಗಿಯ ಕಾಲಲ್ಲಿ ಹಳೆಯ ಹಗ್ಗದಂಥ ದಪ್ಪ ಚರ್ಮವಿತ್ತು, ಗಾಯ ಒಂದೂ ಇರಲಿಲ್ಲ. ಅಂಚೆಯವಳು ಅಕ್ಕನ ಬೂಟಿನೊಳಗೆ ಕೈಹಾಕಿ ತಡಕಿದಳು.

"ಇದರಲ್ಲಿ ಕಿರುಬೆರಳ ಹತ್ರ ಒಂದು ಉಬ್ಬು ಇದೆ. ನಿಮ್ಮ ಕಾಲಲ್ಲಿ ಅದಿಲ್ಲ. ನಿಮ್ಮ ತಂಗಿ ಕಾಲಲ್ಲಿದೆ." ಬೂಟನ್ನು ನೆಲಕ್ಕಿಟ್ಟಳು. "ಬೂಟು ಪಳಗಿದೆ, ಕಾಲು ಪಳಗಿಲ್ಲ. ಬೆಟ್ಟ ಹತ್ತೋದು ಬೂಟಲ್ಲ ತಾಯಿ. ಮೂರನೇ ದಿನ ನಿಮ್ಮನ್ನ ಹೊತ್ತು ಇಳಿಸೋರು ಅಲ್ಲಿ ಯಾರೂ ಇಲ್ಲ. ನೀವು ಬರೋದು ಬೇಡ."

ಅಕ್ಕನ ಹಿಮ್ಮಡಿಯ ರಕ್ತ ನೋಡಿ ತಂಗಿಗೆ ಸಂತೋಷವಾಯಿತು. ಹಾಗಾದದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ನೀವು ನನ್ನ ಟೆಂಟಲ್ಲಿರಿ," ಎಂದು ಅಂಚೆಯವಳು ತಂಗಿಗೆ ಹೇಳಿದಳು. "ಗೊರಕೆ ಹೊಡೀತೀನಿ, ಸಹಿಸ್ಕೋಬೇಕು. ನಾಳೆ ಸಂಜೆ ಐದಕ್ಕೆ ಫೋನ್ ಮಾಡ್ತೀನಿ. ಬರ್ತೀನಿ ಅನ್ನೋದನ್ನ ನಿಮ್ಮ ಬಾಯಿಂದಾನೇ ಕೇಳ್ಬೇಕು. ಬೇರೆಯವರು ಹೇಳಿದ್ರೆ ಲೆಕ್ಕಕ್ಕಿಲ್ಲ."

ಮರುದಿನ ಅಕ್ಕ ಬಕೆಟ್ಟಿನ ಉಪ್ಪುನೀರಿನಲ್ಲಿ ಕಾಲಿಟ್ಟು ಕೂತಿದ್ದಳು.

"ಬೇಕೂಂತಾನೇ ಮಾಡಿದ್ಲು, ಅಮ್ಮ. ಬೂಟನ್ನ ತನ್ನ ಕಾಲಿಗೆ ಹೊಂದಿಸ್ಕೊಂಡ್ಲು. ಒಳಗೊಳಗೇ ಕತ್ತಿ ಮಸೆಯೋ ಜಾತಿ ಇದು."

"ಹೋದ್ರೆ ಇಬ್ರೂ ಹೋಗಿ, ಇಲ್ಲ ಇಬ್ರೂ ಬಿದ್ದಿರಿ ಇಲ್ಲೇ," ಎಂದಳು ಅಮ್ಮ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾಲ್ಕಕ್ಷರ ಓದದೋಳಿಗೆ ಹೊರದೇಶ ಬೇಕಂತೆ. ಅಲ್ಲಿ ದಾರಿ ತಪ್ಪಿದ್ರೆ ಯಾರನ್ನ ಕೇಳ್ತೀಯ, ಯಾವ ಬಾಯಲ್ಲಿ ಕೇಳ್ತೀಯ?"

ತಂಗಿ ಬಾಗಿಲ ಬಳಿ ಕೂತು ತನ್ನ ಬೂಟಿನ ಮಣ್ಣು ಕೆರೆಯುತ್ತಿದ್ದಳು.

"ನಂದೂ ಕ್ಲೀನ್ ಮಾಡಿಡು," ಎಂದಳು ಅಕ್ಕ.

ಅವಳು ಮಾಡಲಿಲ್ಲ. ಅಕ್ಕ ಮತ್ತೊಮ್ಮೆ ಹೇಳಿದಳು. ಆಗಲೂ ಮಾಡಲಿಲ್ಲ.

ಐದಕ್ಕೆ ಫೋನ್ ಬಂತು. ಅರ್ಜಿಯಲ್ಲಿದ್ದದ್ದು ಅಕ್ಕನ ನಂಬರು. "ಅವಳು ಬರಲ್ವಂತೆ," ಎಂದಳು ಅಕ್ಕ, ಬಕೆಟ್ಟಿನಿಂದ ಕಾಲು ತೆಗೆಯದೆಯೇ. "ಹೂಂ, ಇಲ್ಲೇ ಇದಾಳೆ. ಬೇಕಾದ್ರೆ ನೀವೇ ಕೇಳಿ, ಬಾಯಿ ಬಿಟ್ರೆ ನಿಮ್ಮ ಪುಣ್ಯ." ನಗುತ್ತಲೇ ಸ್ಪೀಕರ್ ಹಾಕಿ ಕೈ ಚಾಚಿ ಫೋನನ್ನು ತಂಗಿಯತ್ತ ಹಿಡಿದಳು. ಅವಳಿಗೆ ತಂಗಿಯ ಮೌನದ ಮೇಲೆ ಅಷ್ಟು ಭರವಸೆ.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಬರ್ತೀರಾ?" ಎಂದಿತು ಫೋನಿನ ಧ್ವನಿ.

ತಂಗಿ ಕೈಯಲ್ಲಿದ್ದ ಬೂಟು ಕೆಳಗಿಟ್ಟಳು. ಅಕ್ಕ ಹುಬ್ಬು ಹಾರಿಸಿದಳು. ನೂರ ಹದಿನೆಂಟು ಮೆಟ್ಟಿಲು, ದಿನಕ್ಕೆ ಒಂಬತ್ತು ಸಲ. ಈ ಮಾತು ಒಂದೇ ಸಲ ಹತ್ತಿ ಬಂದರೆ ಸಾಕಿತ್ತು.

"ಬರ್ತೀನಿ."

"ಕೇಳಿಸ್ಲಿಲ್ಲ."

"ಬರ್ತೀನಿ ಅಂದೆ. ಒಬ್ಬಳೇ."

"ಶುಕ್ರವಾರ ಚೀಲ ತೂಗ್ತೀನಿ, ಒಂಬತ್ತು ಕೆಜಿ ದಾಟಬಾರದು," ಎಂದು ಅಂಚೆಯವಳು ಫೋನ್ ಇಟ್ಟಳು.

ಅಕ್ಕ ಬಕೆಟ್ಟಿನಿಂದ ಕಾಲು ತೆಗೆದಳು. ಆಮೇಲೆ ಹೇಳಿದಳು, ತಣ್ಣಗೆ, "ನನ್ನ ಬೂಟಿಗೇನಾದ್ರೂ ಕೈ ಹಚ್ಚಿದ್ಯೋ ನೋಡು."

"ಅಲ್ಲೇ ಇದೆ ನಿನ್ನ ಬೂಟು," ಎಂದಳು ತಂಗಿ. "ನಿನ್ನ ಕಾಲು ನೀನೇ ಪಳಗಿಸ್ಕೋ."

ತನ್ನ ಹಲಗೆ ಬೂಟು ಹಾಕಿ, ಲಾಡಿ ಎಳೆದು ಕಟ್ಟಿ, ಎದ್ದು ಹಾಲಿನಲ್ಲಿ ಓಡಾಡತೊಡಗಿದಳು. ಗೋಡೆಯಿಂದ ಗೋಡೆಗೆ, ಮತ್ತೆ ಗೋಡೆಗೆ. ಬೂಟು ಕಿರುಬೆರಳು ಕಚ್ಚಿತು. ಕೆಳಗಿನಿಂದ ಪೊರಕೆಯ ಹಿಡಿ ಕುಟ್ಟಿತು. ಅಮ್ಮ ಶಪಿಸಿದಳು. ಅವಳಿಗೆ ಇನ್ನೂ ಒಂಬತ್ತು ದಿನವಿತ್ತು. ಅವಳು ಹೆಜ್ಜೆಯನ್ನು ಮೆಲ್ಲಗೆ ಮಾಡಲಿಲ್ಲ.