ಅಂಚು ಹಿಡಿದ ಕೈ

“ಅಂಚು ಹಿಡೀರಿ, ಸಾವಕಾರ್ರ, ಅಂಚು! ಮಾರಿ ಮುಟ್ಟಬ್ಯಾಡ್ರಿ!” ಎಂದು ಚಮನಸಾಬ ಕೂತಲ್ಲಿಂದಲೇ ಕೂಗಿದ. ಎಲೆ ಅಡಿಕೆ ಮೆಲ್ಲುತ್ತಿದ್ದ ಹೊಳಬಸಪ್ಪ ಬೆಚ್ಚಿಬಿದ್ದು, ಕೈಯಲ್ಲಿದ್ದ ಬೆಳ್ಳಿಯ ನಾಣ್ಯವನ್ನು ಹಾಸಿದ ಬಟ್ಟೆಯ ಮೇಲೆ ಬಿಟ್ಟುಬಿಟ್ಟ.

ಚಮನಸಾಬನ ಈ ಹುಚ್ಚು ಬಾಗಲಕೋಟೆಯ ಕಿಲ್ಲಾ ಓಣಿಗೆಲ್ಲ ಗೊತ್ತಿದ್ದದ್ದೇ. ಹಳೆಯ ನಾಣ್ಯಗಳ ತೂತು ಮುಚ್ಚುವುದು, ಗೀರು ಅಳಿಸುವುದು, ಕಲೆ ತೆಗೆಯುವುದು ಅವನ ಕಸಬು. ಧಾರವಾಡದ ಒಬ್ಬ ಸಾಹೇಬನಿಗೆ ಹಳೆಯ ನಾಣ್ಯ ಕೂಡಿಸುವ ಗೀಳು. ಹೊಳಬಸಪ್ಪ ಊರೂರು ತಿರುಗಿ ಹೆಕ್ಕಿ ತಂದದ್ದಕ್ಕೆ ಚಮನಸಾಬ ಹೊಸ ಮುಖ ಕೊಡಬೇಕು. ಮನುಷ್ಯನ ಬೆರಳಿನಷ್ಟು ಹೊಲಸು ವಸ್ತು ಇನ್ನೊಂದಿಲ್ಲ ಎಂಬುದು ಅವನ ವಾದ. ಬೆವರು, ಎಣ್ಣೆ, ಉಪ್ಪು ಬೆಳ್ಳಿಗೆ ಹತ್ತಿದರೆ ತಿಂಗಳೊಪ್ಪತ್ತಿನಲ್ಲಿ ಕಪ್ಪು ಗುರುತಾಗಿ ಕೂತುಬಿಡುತ್ತದೆ. ಮೂವತ್ತು ವರ್ಷದಲ್ಲಿ ಅವನ ಬೆರಳಿನ ಗುರುತು ಒಂದೇ ಒಂದು ನಾಣ್ಯದ ಮೇಲೂ ಬಿದ್ದಿರಲಿಲ್ಲ. ಹೆಂಡತಿಯ ಗಲ್ಲವನ್ನೂ ಇವನು ಅಂಚಿನಲ್ಲೇ ಹಿಡಿಯುತ್ತಾನೆಂದು ಗೆಳೆಯರು ನಗಾಡುತ್ತಿದ್ದರು.

“ಇಲಕಲ್ಲಿನ ಸುದ್ದಿ ಏನರೆ ಐತೇನ್ರಿ ಅಣ್ಣಾ?” ಬಾಗಿಲ ಪರದೆಯ ಹಿಂದಿನಿಂದ ಅವನ ಹೆಂಡತಿ ದೌಲತಬಿ ಕೇಳಿದಳು. ಒಬ್ಬಳೇ ಮಗಳು ಜೋಹರಾಳನ್ನು ಇಲಕಲ್ಲಿನ ರೇಷ್ಮೆ ಬಣ್ಣ ಹಾಕುವವರ ಮನೆಗೆ ಕೊಟ್ಟಿದ್ದರು. ಅಲ್ಲಿ ಪ್ಲೇಗ್ ಹೊಕ್ಕಾಗಿನಿಂದ, ಎರಡು ತಿಂಗಳಾಯಿತು, ಆ ಕಡೆಯಿಂದ ಒಂದು ಬಂಡಿಯೂ ಬಂದಿರಲಿಲ್ಲ.

“ನಾ ಹುನಗುಂದದಿಂದನ ಹೊಳ್ಳಿ ಬಂದೆ, ತಂಗೀ. ಮುಂದ ಬಂಡಿ ಬಿಡವಲ್ರು. ಊರಿಗೆ ಊರ ಹೊಲದಾಗ ಗುಡಸಲಾ ಹಾಕ್ಕೊಂಡೈತಿ. ನಿನ್ನ ಮಗಳೂ ಅಲ್ಲೇ ಆರಾಮ ಇರ್ತಾಳ ಬಿಡು.”

ಬಾಯಿಮಾತಿಗೆ ಅಂದ ಆ ‘ಆರಾಮ’ವನ್ನೇ ದೌಲತಬಿ ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ಹಿಡಿದುಕೊಂಡಳು. ಪರದೆಯ ಹಿಂದೆ ಜೋಳ ಕೇರುವ ಮೊರದ ಸದ್ದು ಮತ್ತೆ ಶುರುವಾಯಿತು.

ಹೊಳಬಸಪ್ಪ ತಂದದ್ದು ಕಲ್ಮಾ ಬರೆದ ಬಾದಶಾಹಿ ರೂಪಾಯಿ. ಇಂಥವಕ್ಕೆ ತೂತು ಕೊರೆದು ಹೆಣ್ಣುಮಕ್ಕಳ ಕೊರಳಿಗೆ ತಾಯತವಾಗಿ ಕಟ್ಟುವುದು ಸುತ್ತಲಿನ ಮುಸಲ್ಮಾನರ ಮನೆಗಳಲ್ಲಿ ರೂಢಿ. ಚಮನಸಾಬನೇ ಎಷ್ಟೋ ಕೊರೆದುಕೊಟ್ಟಿದ್ದ. ಇದರ ತೂತಿಗೆ ಹೊಳಬಸಪ್ಪ ತನ್ನ ಜಾಣತನ ತೋರಿಸಿ ಮೇಣ ಮೆತ್ತಿದ್ದ. ನಾಣ್ಯದ ನಟ್ಟನಡುವೆ ಒಂದು ಹೆಬ್ಬೆರಳಿನ ಗುರುತು ಕಪ್ಪಗೆ ಒತ್ತಿತ್ತು.

“ನಡುವ ಅಡ್ಡ ಗೆರಿ ಬ್ಯಾರೆ ಐತಿ ನೋಡು. ಕೊಯ್ಕೊಂಡ ಹೆಬ್ಬಟ್ಟ ಇರಬೇಕು,” ಎಂದ ಹೊಳಬಸಪ್ಪ. “ಸಾಹೇಬ ಇದನ್ನ ನೋಡಿದ್ರ ಹೊರಗ ಒಗೀತಾನ.”

“ಯಾರದೋ ಹೊಲಸು ಕೈ,” ಎಂದ ಚಮನಸಾಬ.

ತಾಮ್ರದ ಬಟ್ಟಲಲ್ಲಿ ಅಂಟುವಾಳದ ಬಿಸಿನೀರಿತ್ತು. ನಾಣ್ಯವನ್ನು ಅದರಲ್ಲಿ ಅದ್ದಿ, ಅರಳೆಯಿಂದ ಮೆಲ್ಲಗೆ ಒರೆಸತೊಡಗಿದ. ಸುತ್ತುಸುತ್ತಿನ ಗೆರೆಗಳು ಒಂದೊಂದಾಗಿ ಬಿಟ್ಟುಕೊಂಡವು. ನಡುವಿನ ಜಾಗ ಮಾತ್ರ ಹಟಮಾರಿ. ಅದಕ್ಕೆ ಚಿಟಿಕೆ ಬೂದಿ ಮುಟ್ಟಿಸಿ ತಿಕ್ಕಿದ, ಹೋಯಿತು. “ಈಗ ಹುಡುಕ್ರಿ ನೋಡೋಣು!” ಎಂದು ಬೀಗಿದ.

ಆಮೇಲೆ ಭೂತಗನ್ನಡಿ ಕಣ್ಣಿಗೊತ್ತಿಕೊಂಡು, ಸೂಜಿಯಿಂದ ತೂತಿನ ಮೇಣ ಕೆದರಿದ. ತೂತು ನೆಟ್ಟಗಿರಲಿಲ್ಲ, ವಾರೆಯಾಗಿತ್ತು. ಮೇಣದ ಜೊತೆ ಕೆಂಪು ರೇಷ್ಮೆಯ ಒಂದು ತುಣುಕು ಹೊರಬಂತು. ಸವೆದು ಹರಿದ ದಾರದ ತುದಿ ಕೆದರಿರುತ್ತದೆ. ಇದು ಕತ್ತರಿಯಲ್ಲಿ ಕತ್ತರಿಸಿದ್ದು.

ಇಂಥ ವಾರೆ ತೂತನ್ನು ಚಮನಸಾಬ ಜನ್ಮದಲ್ಲಿ ಕೊರೆದದ್ದು ಒಂದೇ. ಏಳು ವರ್ಷದ ಜೋಹರಾ ಜ್ವರದಲ್ಲಿ ಬಡಬಡಿಸುತ್ತಿದ್ದಾಗ. ಅಲ್ಲಾಹನ ಹೆಸರಿನ ಅಕ್ಷರವೊಂದು ಅಂಚಿಗೇ ಬಂದಿತ್ತು. ಅದು ಕೆಡಬಾರದೆಂದು ಸಲಾಕೆಯನ್ನು ಓರೆ ಹಿಡಿದಿದ್ದ. ಮುಂದೆ ಅದೇ ಹುಡುಗಿ ಅವನ ತಗಡು ಕತ್ತರಿ ಹಿಡಿದು ಆಡುತ್ತ ಹೆಬ್ಬೆರಳು ಅಡ್ಡಕ್ಕೆ ಕೊಯ್ದುಕೊಂಡಿದ್ದಳು. ಅಂಜಿಕೆಯಾದರೆ ಸಾಕು, ಆ ಬೆರಳಿನಿಂದಲೇ ತಾಯತವನ್ನು ಒತ್ತಿ ಹಿಡಿಯುವಳು. “ಮಾರಿ ಮುಟ್ಟಬ್ಯಾಡ, ಅಂಚು ಹಿಡಿ,” ಎಂದು ಎಷ್ಟು ಸಲ ಬೈದಿದ್ದನೋ.

“ಇದನ್ನ ಯಾರ ಕೊಟ್ರು?”

ಹೊಳಬಸಪ್ಪ ಪರದೆಯ ಕಡೆ ನೋಡಿ, ಮುಂದೆ ಬಾಗಿ ದನಿ ತಗ್ಗಿಸಿದ. ಸಾವಿನ ಮಾತು ಹೆಂಗಸರ ಕಿವಿಗೆ ಬೀಳಬಾರದೆಂಬಷ್ಟು ಮರ್ಯಾದೆ ಅವನಿಗಿತ್ತು. “ಹೆಣಾ ತೊಳಿಯೋ ಮುದುಕಿ, ಮಾಬುಬಿ ಅಂತ, ನಡಕೊಂತ ಹುನಗುಂದಕ್ಕ ಬಂದಿದ್ಳು. ಇಲಕಲ್ಲಿನ ಗುಡಸಲದಾಗ ಒಬ್ಬ ಹುಡುಗಿ ಸತ್ತಳಂತ. ಗಂಡಾ, ಅತ್ತಿ ಎಲ್ಲಾ ಮೊದಲ ಹೋಗಿದ್ರು. ‘ನನ್ನ ಮೈ ತೊಳದದ್ದಕ್ಕ ಇದ ಕೂಲಿ’ ಅಂತ ಆಕಿನ ಹೇಳಿದ್ಳಂತ. ಕಡೀತನಾ ಹೆಬ್ಬಟ್ಟಿಲೆ ಒತ್ತಿ ಹಿಡಿದಿದ್ಳಂತ, ಬಿಡಸೂದು ಭಾಳ ತ್ರಾಸಾತಂತ.”

ಚಮನಸಾಬ ಬಟ್ಟಲಿನ ನೀರಿನತ್ತ ನೋಡಿದ. ಮಗಳ ಬೆರಳಿನ ಆ ಗೆರೆಗಳನ್ನು ತನ್ನ ಕೈಯಾರೆ, ಅದೂ ಬೀಗುತ್ತ, ಅಳಿಸಿದ್ದ. ನಾಣ್ಯ ನನಗೆ ಬಿಟ್ಟು ಹೋಗ್ರಿ ಎನ್ನಲು ಬಾಯಿ ತೆರೆದ. ಯಾಕೆ ಎಂದು ಸಾವಕಾರ ಕೇಳುತ್ತಾನೆ. ಹೇಳಿದರೆ ಪರದೆಗೆ ಕಿವಿಯಿದೆ. ಎರಡು ತಿಂಗಳ ಮೇಲೆ ಇವತ್ತು ಮೊರದ ಸದ್ದಿನ ಜೊತೆ ದೌಲತಬಿ ಏನೋ ಗುನುಗುತ್ತಿದ್ದಳು.

“ಇದರ ತೂತು ಮುಚ್ಚಾಕ ಆಗೂದಿಲ್ರಿ,” ಎಂದ. “ವಾರೆ ಐತಿ. ಬೆಳ್ಳಿ ನಿಲ್ಲೂದಿಲ್ಲ.”

“ನಿನ್ನ ಕೈಲೆ ಆಗದ ತೂತೂ ಐತೇನಲೇ?” ಹೊಳಬಸಪ್ಪ ಗೊಣಗಿದ. ಆದರೂ ಈ ಸಲ ಅಂಚನ್ನೇ ಹಿಡಿದು ನಾಣ್ಯವನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಅವನ ಚಪ್ಪಲಿ ಸದ್ದು ಓಣಿ ತಿರುಗಿದ ಮೇಲೆ ದೌಲತಬಿ ಹೊರಗೆ ಬಂದಳು. “ಅಣ್ಣ ಆರಾಮ ಅಂದ್ರಲ್ಲ, ಜೀವಕ್ಕ ಹಗುರಾತು ನೋಡ್ರಿ,” ಎಂದು ದಿನದಂತೆ ಕೈ ಚಾಚಿದಳು. “ಕೆಲಸಾ ಮುಗೀತಲ್ಲ, ಕೊಡ್ರಿ, ನೀರು ಚೆಲ್ತೇನಿ.”

ಬಟ್ಟಲ ತಳದಲ್ಲಿ ಕಪ್ಪು ಎಳೆಗಳು ಇನ್ನೂ ಮೆಲ್ಲಗೆ ತಿರುಗುತ್ತಿದ್ದವು. ಚಮನಸಾಬ ತಲೆ ಎತ್ತಲಿಲ್ಲ. ಎರಡೂ ಕೈಗಳಿಂದ ಬಟ್ಟಲ ಅಂಚು ಹಿಡಿದು, ನೀರು ಅಲುಗದ ಹಾಗೆ ಕೂತಿದ್ದ.