ಫಿಪೆ ‘ನೋ’ ಅಂದದ್ದು

ಹೋದ ವರ್ಷ ಫಿಪೆ ‘ಯೆಸ್’ ಅಂದು ಕೆಟ್ಟಳು. ಹಣ್ಣಿನ ತೋಟಗಳಿಗೆ ಆಳು ಆರಿಸಲು ಆಸ್ಟ್ರೇಲಿಯಾದಿಂದ ನಮ್ಮ ಸಮೋವಾ ದ್ವೀಪಕ್ಕೆ ಬಂದಿದ್ದ ಹೆಂಗಸು ಅವಳನ್ನು ಏನೇನೋ ಕೇಳಿದಳು. ಫಿಪೆ ಎಲ್ಲದಕ್ಕೂ ಯೆಸ್ ಅಂದಳು. ಅದರೊಳಗೆ ಒಂದು ಪ್ರಶ್ನೆ, ಬಂಡಬರ್ಗಿಗೆ ಕಳಿಸಿದರೆ ಆಗುತ್ತದೆಯೇ ಎಂಬುದು. ಅವಳ ಗಂಡ ಕಪೇನಿ ಇರುವುದು ಶೆಪರ್ಟನ್ನಿನ ಪಿಯರ್ ಹಣ್ಣಿನ ತೋಟದಲ್ಲಿ. ಆ ಊರೆಲ್ಲಿ, ಈ ಊರೆಲ್ಲಿ! ಮದುವೆಯಾಗಿ ಇನ್ನೂ ಎರಡು ವರ್ಷ ತುಂಬದ ಗಂಡ ಹೆಂಡತಿ ಒಂದೇ ದೇಶದಲ್ಲಿದ್ದು ಏಳು ತಿಂಗಳು ಫೋನಿನಲ್ಲೇ ಮುಖ ನೋಡಿಕೊಂಡರು.

“ಪ್ರಶ್ನೆ ಅರ್ಥ ಆಗ್ಲಿಲ್ವಾ?” ಎಂದು ಅವಳು ಊರಿಗೆ ವಾಪಸಾದ ಮೇಲೆ ನಾನು ಕೇಳಿದೆ.

“ಆಯ್ತು ಟೀಚರಕ್ಕಾ.”

“ಮತ್ತೆ?”

“ದೊಡ್ಡೋರು ಬಾಯಿಬಿಟ್ಟು ಕೇಳ್ದಾಗ ಆಗಲ್ಲ ಅನ್ನೋದು ಹೆಂಗೆ?”

ನಾನು ನಗಲಿಲ್ಲ. ಸಮೋವಾದಲ್ಲಿ ಹುಟ್ಟಿದ ಯಾರೂ ಇದಕ್ಕೆ ನಗಲಾರರು. ಹಿರಿಯರು ಕೂತಿದ್ದಾಗ ನಿಂತು ಮಾತಾಡಬಾರದು, ಅವರ ಮುಂದೆ ಹಾಯುವಾಗ ಬಗ್ಗಿ ಹಾಯಬೇಕು, ಅವರು ಏನು ಕೇಳಿದರೂ ಹುಬ್ಬೆತ್ತಿ ಹೂಂ ಅನ್ನಬೇಕು. ತಾಯಿ ಹಾಲಿನ ಜೊತೆ ಬಂದದ್ದನ್ನು ವಿಮಾನ ಹತ್ತಿದ ಕೂಡಲೇ ಇಳಿಸಿ ಹೋಗುವುದಕ್ಕೆ ಆಗುತ್ತದೆಯೇ?

ನಾನು ಬಹಳ ವರ್ಷ ಆಸ್ಟ್ರೇಲಿಯಾದ ಶೆಡ್ಡುಗಳಲ್ಲಿ ಪೆಟ್ಟಿಗೆಗೆ ಹಣ್ಣು ತುಂಬಿ ಬಂದವಳು. ಇಂಗ್ಲಿಷು ಅಲ್ಲೇ, ಬೈಸಿಕೊಂಡು ಕಲಿತದ್ದು. ಈಗ ಊರಿನಿಂದ ಕೆಲಸಕ್ಕೆ ಹೋಗುವವರಿಗೆ ಕಲಿಸುತ್ತೇನೆ. ಪುಸ್ತಕ ಇಟ್ಟಿಲ್ಲ, ನಾಟಕ ಆಡಿಸುತ್ತೇನೆ. ಒಬ್ಬಳು ಮೇಸ್ತ್ರಿ, ಒಬ್ಬಳು ಆಳು. ಒಬ್ಬ ಡಾಕ್ಟರು, ಒಬ್ಬ ಹೊಟ್ಟೆನೋವಿನವನು. ಕೈಕಾಲು ಆಡಿಸುತ್ತಾ ಹೇಳಿದ ಮಾತು ಮರೆತುಹೋಗುವುದಿಲ್ಲ.

ಕ್ಲಾಸು ನಡೆಯುವುದು ಊರಿನ ಯಜಮಾನರು ಪಾಲೆಪೋಯಿಯವರ ಸಭೆಮನೆಯಲ್ಲಿ. ಗೋಡೆಯಿಲ್ಲ, ಸುತ್ತ ಕಂಬ, ಕೆಳಗೆ ಚಾಪೆ. ಮನೆ ಅವರದಾದ್ದರಿಂದ ಅವರೂ ಬಂದು ತಮ್ಮ ಕಂಬಕ್ಕೆ ಒರಗಿ, ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಾ ಕೂರುತ್ತಾರೆ. ಅವರು ಕೂತ ಮೇಲೆ ಏಳುವವರು ಯಾರು? ನನ್ನ ನಾಟಕಗಳೆಲ್ಲ ಕೂತಲ್ಲೇ ನಡೆದವು. ಏಣಿ ಹತ್ತುವವನು ಕೂತೇ ಹತ್ತಿದ. ಬಸ್ಸು ಹಿಡಿಯಲು ಓಡುವವಳು ಕುಂಡೆಯ ಮೇಲೆ ಜರುಗಿಕೊಂಡೇ ಓಡಿದಳು.

ಈ ಸಲದ ಆಯ್ಕೆಗೆ ಇನ್ನು ಕೆಲವೇ ವಾರ ಉಳಿದಿತ್ತು. ನಾನೇ ಮೇಸ್ತ್ರಿಯಾಗಿ ಫಿಪೆಯನ್ನು ಎದುರು ಕೂರಿಸಿಕೊಂಡೆ.

“ಬಂಡಬರ್ಗಿಗೆ ಹೋಗ್ತೀಯಾ?”

ಹುಬ್ಬು ಮೇಲೆ ಹೋಯಿತು.

“ಹುಬ್ಬಿಳಿಸು. ಬಾಯಲ್ಲಿ ಹೇಳು.”

“ಯೆಸ್.”

“ಅಯ್ಯೋ ನಿನ್ನ! ನೋ ಅನ್ನೇ!”

“ನೋ,” ಎಂದು ಚಾಪೆಗೆ ಹೇಳಿದಳು.

“ಚಾಪೆಗೆ ಯಾಕೆ ಹೇಳ್ತೀಯಾ? ಕೆಲ್ಸಕ್ಕೆ ಕಳಿಸೋದು ಚಾಪೆನಾ?”

ಪಕ್ಕದಲ್ಲಿದ್ದ ಲೂಸಿಯಾ ಬಾಯಿ ಹಾಕಿದಳು. “ಬಿಡಿ ಟೀಚರಕ್ಕಾ, ಕಪೇನಿ ಗೊರಕೆ ತಪ್ಪಿದ್ದು ಇವಳಿಗೂ ಹಿತವಾಗಿರ್ಬೇಕು.” ಎಲ್ಲರೂ ನಕ್ಕರು. ಫಿಪೆಯೂ ನಕ್ಕಳು, ಆದರೆ ಕಣ್ಣು ತುಂಬಿಕೊಂಡಿತ್ತು.

ಆ ಶನಿವಾರ ಹೆಂಗಸರೆಲ್ಲ ಚಾಪೆ ಹೆಣೆಯಲು ಕೂತಿದ್ದೆವು. ಫಿಪೆ ಪಾದ್ರಿಯ ಹೆಂಡತಿ ಬೀಸಣಿಗೆ ಬೀಸುವುದನ್ನು, ಅಂಗಡಿಯವನು ತಕ್ಕಡಿ ಒತ್ತುವುದನ್ನು ಮಾಡಿ ತೋರಿಸಿದಳು. ನಗು ತಡೆಯಲಾರದೆ ನನ್ನ ಓಲೆಗಳು ಗೋಜಲಾದವು. ಇಷ್ಟು ಬಾಯಿರುವವಳಿಗೆ ಒಂದು ನೋ ಯಾಕೆ ಬರುವುದಿಲ್ಲ ಎಂದು ಯೋಚಿಸುತ್ತಾ, ಓಲೆ ಬಿಚ್ಚಿ ಮತ್ತೆ ಹೆಣೆಯುತ್ತಿರುವಾಗ ಹೊಳೆಯಿತು. ಅವಳಿಗೆ ಬೇಕಾದದ್ದು ಇಂಗ್ಲಿಷಲ್ಲ, ದೆವ್ವ.

ನಮ್ಮಲ್ಲಿ ಹಬ್ಬದ ಕೂಟಗಳಲ್ಲಿ ದೆವ್ವದ ಆಟ ಅಂತ ಆಡುತ್ತಾರೆ. ಆಡುವವನ ಮೈಮೇಲೆ ದೆವ್ವ ಬಂದಿದೆ ಎಂದು ಲೆಕ್ಕ. ಅವನು ಯಜಮಾನರ ಹೊಟ್ಟೆಯನ್ನು ಆಡಿಕೊಳ್ಳಬಹುದು, ಪಾದ್ರಿಯ ಪ್ರಸಂಗವನ್ನು ಅಣಕಿಸಬಹುದು. ಹೇಳಿದ್ದು ದೆವ್ವ, ದೆವ್ವಕ್ಕೆ ದಂಡ ಹಾಕುವವರಿಲ್ಲ.

ಸೋಮವಾರ ಪಾಲೆಪೋಯಿಯವರ ಮುಂದೆ ಬಗ್ಗಿ ಕೂತು, “ಯಜಮಾನ್ರೆ, ಇವತ್ತು ದೆವ್ವದ ಆಟ ಆಡಿಸ್ಲಾ?” ಎಂದೆ.

“ಇಂಗ್ಲಿಷ್ ದೆವ್ವಾನಾ?”

“ಹೌದು. ತೋಟದ ಮೇಸ್ತ್ರಿ ದೆವ್ವ.”

“ಬರ್ಲಿ ಬರ್ಲಿ. ನಮ್ಮ ದೆವ್ವಗಳ ಹತ್ರ ಬೈಸ್ಕೊಂಡು ಸಾಕಾಗಿದೆ.”

ಫಿಪೆ ತನ್ನ ಬಟ್ಟೆಯ ಮೇಲೆ ಕಪೇನಿಯ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ಲು ಸುತ್ತಿ, ಕಂಬದ ಮರೆಯಿಂದ ಬಂದಳು. ನಡೆದು ಬಂದಳು! ಸೊಂಟದ ಮೇಲೆ ಕೈಯಿಟ್ಟು ಯಜಮಾನರ ಎದುರೇ ನಿಂತು ಇಂಗ್ಲಿಷಿನಲ್ಲಿ ಗುಡುಗಿದಳು: “ಏಯ್! ಯಾಕೆ ಕೂತಿದೀಯಾ? ಹಣ್ಣು ಯಾರು ಕೀಳ್ತಾರೆ, ನಿಮ್ಮಪ್ಪನಾ?”

ಪಾಲೆಪೋಯಿಯವರು ನಾರು ಹೊಸೆಯುವುದನ್ನು ನಿಲ್ಲಿಸಿ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿ ಅಗಲವಾಯಿತು. “ಯೆಸ್, ಬಾಸ್,” ಎಂದರು.

“ಬಂಡಬರ್ಗಿಗೆ ಹೋಗ್ತೀಯಾ?”

ಯಜಮಾನರು ಹುಬ್ಬೆತ್ತಿದರು.

“ಹುಬ್ಬು ಬೇಡ! ಬಾಯಿ! ಬಾಯಿ!”

ಸಭೆಮನೆ ಬಿದ್ದು ಬಿದ್ದು ನಕ್ಕಿತು. ಲೂಸಿಯಾಗೆ ಬಿಕ್ಕಳಿಕೆ ಹತ್ತಿತು. ಯಜಮಾನರಿಗೆ ಆಟ ರುಚಿಸಿಬಿಟ್ಟಿತು. ತಾವೂ ಮೇಸ್ತ್ರಿಯಾಗುತ್ತೇನೆ ಎಂದರು. “ಏಯ್ ಹುಡ್ಗಿ, ಬಂಡಬರ್ಗಿಗೆ ನಡಿ!” ಎಂದು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಗದರಿದರು.

“ನೋ!” ಎಂದಿತು ದೆವ್ವ. ಅಂಗಳದ ಹಂದಿಗಳು ತಲೆಯೆತ್ತಿದವು.

ಅಷ್ಟಕ್ಕೆ ಬಿಟ್ಟಿದ್ದರೆ ಕೆಲಸ ಕೆಡುತ್ತಿತ್ತು. ಅಂಗಿ ಟವೆಲ್ಲು ಹಾಕಿಕೊಂಡು ಆಯ್ಕೆಗೆ ಹೋಗಲಾಗುತ್ತದೆಯೇ? ಮುಂದಿನ ಕ್ಲಾಸಿನಲ್ಲಿ ಟವೆಲ್ಲು ತೆಗೆಸಿದೆ. ಆಮೇಲೆ ಅಂಗಿ ತೆಗೆಸಿದೆ. ಆಮೇಲೆ ಕೂಗಬೇಡ, ಮೆಲ್ಲಗೆ ಹೇಳು ಎಂದೆ. ಪ್ರತಿ ಸಲವೂ ಮೇಸ್ತ್ರಿ ಪಾಲೆಪೋಯಿಯವರೇ. ಈಗ ಅವರು ನನಗಿಂತ ಮೊದಲೇ ಬಂದು ಕೂತಿರುತ್ತಿದ್ದರು. ಕಡೆಯ ದಿನ ಫಿಪೆ ತನ್ನದೇ ಬಟ್ಟೆಯಲ್ಲಿ, ಅವರ ಎದುರು ಕಾಲು ಮಡಿಸಿ ಕೂತು, ಕಣ್ಣಿಗೆ ಕಣ್ಣಿಟ್ಟು, ಮೆತ್ತಗೆ ಅಂದಳು: “ನೋ.”

ಅವರು ಕಣ್ಣು ಮಿಟುಕಿಸಿದರು. “ಇದು ದೆವ್ವ ಅಲ್ಲ, ಅಲ್ವಾ?”

“ಅಲ್ಲ ಯಜಮಾನ್ರೆ,” ಎಂದೆ.

“ಹೋಗ್ಲಿ. ಇಂಗ್ಲಿಷಲ್ಲಿ ಅಂದ್ಲು. ನಂಗೆ ಅರ್ಥ ಆಗ್ಲಿಲ್ಲ ಅಂದ್ಕೋತೀನಿ.”

ಆಯ್ಕೆ ನಡೆದದ್ದು ದೋಣಿಕಟ್ಟೆಯ ಹತ್ತಿರದ ಚರ್ಚಿನ ಹಾಲ್‌ನಲ್ಲಿ. ಊರವರನ್ನು ಕರೆತಂದವಳೆಂದು ನನಗೊಂದು ಕುರ್ಚಿ ಕೊಟ್ಟರು, ಬಾಯಿ ಹಾಕಬಾರದೆಂದೂ ಹೇಳಿದರು. ಬಂದವಳು ಹೋದ ವರ್ಷದವಳೇ, ಗ್ಲೆನಿಸ್. ಕೆಟ್ಟವಳಲ್ಲ. ಫಿಪೆಯನ್ನು ಕಂಡು ಮುಖವೆಲ್ಲ ನಗುವಾಯಿತು.

“ಬಾಮ್ಮಾ ಬಾ! ಬಂಡಬರ್ಗಿನೋರು ನಿನ್ನ ಕೆಲ್ಸ ನೋಡಿ ಖುಷಿಯಾಗಿದಾರೆ. ಮತ್ತೆ ನಿನ್ನೇ ಕಳಿಸಿ ಅಂತಾರೆ. ಹೋಗ್ತೀಯಲ್ಲ?”

ಗದರುವ ಮೇಸ್ತ್ರಿಗೆ ನೋ ಅನ್ನುವುದನ್ನು ಕಲಿಸಿದ್ದೆ. ಹೊಗಳುವವರಿಗೆ ಹೇಗೆ ಅನ್ನಬೇಕೆಂದು ಕಲಿಸಿರಲಿಲ್ಲ. ಫಿಪೆಯ ಹುಬ್ಬು ಅಲುಗಿತು. ಗ್ಲೆನಿಸ್ ಪೆನ್ನು ಎತ್ತಿದಳು.

“ನೋ,” ಎಂದಳು ಫಿಪೆ.

ಗ್ಲೆನಿಸ್ ತಲೆಯೆತ್ತಿದಳು. “ಏನಂದೆ?”

“ನೋ. ಥ್ಯಾಂಕ್ಯೂ. ನನ್ನ ಗಂಡ ಶೆಪರ್ಟನ್ನಲ್ಲಿ. ನಾನು ಅಲ್ಲಿಗೇ ಹೋಗೋದು. ಇಲ್ದಿದ್ರೆ ಊರಲ್ಲೇ ಇರ್ತೀನಿ.”

ಆ ಕೊನೆಯ ಮಾತು ನಾನು ಹೇಳಿಕೊಟ್ಟದ್ದಲ್ಲ.

“ಗಂಡ ಅಲ್ಲಿದಾನಾ? ಹೋದ್ವರ್ಷ ಯಾಕೆ ಹೇಳ್ಲಿಲ್ಲ?” ಗ್ಲೆನಿಸ್ ನಿಜವಾಗಿ ಅಚ್ಚರಿಪಟ್ಟಳು. ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದಳು. “ಹಣ್ಣು ಕೀಳೋ ಕೆಲ್ಸಕ್ಕೆ ಜನ ತುಂಬಿದಾರೆ. ಪ್ಯಾಕಿಂಗಲ್ಲಿ ಒಂದು ಜಾಗ ಇದೆ, ಆದ್ರೆ ರಾತ್ರಿ ಪಾಳಿ. ಮನೆ ಕೂಡ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆಗುತ್ತಾ?”

ಫಿಪೆ ಅವಸರ ಮಾಡಲಿಲ್ಲ. “ಎರಡು ಮನೆಗೂ ಎಷ್ಟು ದೂರ?”

“ಅಕ್ಕಪಕ್ಕ. ಅಡುಗೆಮನೆ ಒಂದೇ.”

“ಊಟ ಜೊತೇಲಿ ಮಾಡ್ಬಹುದಾ?”

“ಮಾಡ್ಬಹುದು.”

“ಹಂಗಾದ್ರೆ ಯೆಸ್.”

ಹೊರಗೆ ಬಂದವಳೇ ಹಲಸಿನ ಮರದ ಬುಡದಲ್ಲಿ ಕೂತು ಕಪೇನಿಗೆ ಫೋನು ಮಾಡಿದಳು. ಅವನ ಕೂಗು ನನ್ನ ಕಿವಿಗೂ ಬಿತ್ತು.

“ಅವ್ರಿಗೆ ನೋ ಅಂದ್ಯಾ? ನೀನು?”

“ಹೂಂ, ಅಂದೆ.”

“ಅಮ್ಮಾ ತಾಯಿ! ಇನ್ಮೇಲೆ ನಂಗೂ ಅಂತೀಯೇನೋ!”

“ಮೊದ್ಲು ಅಲ್ಲಿಗೆ ಬರ್ತೀನಿ, ಆಮೇಲೆ ನೋಡೋಣ,” ಎಂದಳು ಫಿಪೆ. “ಈಗ ಒಂದು ಹೇಳು, ರಾತ್ರಿ ಪಾಳಿ ಮುಗಿಸಿ ಬಂದೋರು ಬೆಳಿಗ್ಗೆ ಏನ್ ತಿಂತಾರೆ? ನೀನು ಕೆಲ್ಸಕ್ಕೆ ಹೊರಡೋದು ಎಷ್ಟು ಹೊತ್ತಿಗೆ?”