ಯಮನಪ್ಪ ಕೇಳಿದ ಫೋಟೋ

ಭಾನುವಾರ ಬೆಳಗ್ಗೆ ಭಾನುಪ್ರಕಾಶ್ ಮಹಡಿಯ ಮೇಲೆ ಹಲಗೆಯೊಂದನ್ನು ನಯ ಮಾಡಲು ತೋಪಡ ಹೊಡೆಯುತ್ತಿದ್ದಾಗ ಯಮನಪ್ಪ ಮೆಟ್ಟಿಲು ಹತ್ತಿ ಬಂದ. ಚಂದಾಪುರದ ಈ ಬೀದಿಯ ಕೊನೆಯಲ್ಲಿ ಮೂರಂತಸ್ತಿನ ಕಟ್ಟಡ ಏಳುವಾಗ ಅವನೂ ಅವನ ಹೆಂಡತಿ ಶೇಖವ್ವನೂ ಗಾರೆ ಕೆಲಸಕ್ಕಿದ್ದರು. ಈಗವನು ಅತ್ತಿಬೆಲೆ ಕಡೆ ಕೆಲಸಕ್ಕೆ ಹೋಗುತ್ತಿದ್ದ. ಚಪ್ಪಲಿ ಬಿಟ್ಟು, ಮರದ ಹೊಟ್ಟು ತುಳಿಯದೆ ದೂರವೇ ನಿಂತ.

"ಸರ್, ನಮ್ಮಾಕಿದು ಫೋಟೋ ಹೊಡ್ದಿದ್ರಲ್ರಿ ನೀವು. ಅದು ಬೇಕಾಗಿತ್ರಿ. ಆಕಿ ತೀರ್ಕೊಂಡ್ಳು."

"ಅಯ್ಯೋ, ಯಾವಾಗಪ್ಪ?"

"ಮೂರು ತಿಂಗಳಾತ್ರಿ. ಜ್ವರ ಬಂದಿತ್ತು, ಎಂಟು ದಿನದಾಗ ಹೋಗಿಬಿಟ್ಳು. ಮನ್ಯಾಗ ಆಕಿದು ಒಂದೂ ಫೋಟೋ ಇಲ್ರಿ. ಆಧಾರ್ ಕಾರ್ಡಿನಾಗ ಐತಿ, ಮಗಳು ಅದು ಅವ್ವ ಅಲ್ಲ ಅಂತಾಳ. ಅವ್ವನ ಮಾರಿ ಮರ್ತು ಹೊಕ್ಕೈತಿ ಅಂತ ಅಳ್ತಾಳ್ರಿ. ಸೆರಗು ಹೊತ್ಕೊಂಡು ನೆಟ್ಟಗ ನಿಂತಿದ್ಲಲ್ರಿ, ಆ ಫೋಟೋ."

ಯಾವ ಫೋಟೋ ಎಂದು ಭಾನುಪ್ರಕಾಶನಿಗೆ ತಕ್ಷಣ ಗೊತ್ತಾಯಿತು. ಅದು ಇಲ್ಲ ಎನ್ನುವುದೂ ಗೊತ್ತಾಯಿತು. "ಹುಡುಕ್ತೀನಿ. ಮುಂದಿನ ಭಾನುವಾರ ಬಾರಪ್ಪ" ಎಂದ.

ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವುದು ಭಾನುಪ್ರಕಾಶನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪಕ್ಕಕ್ಕೆಸೆಯುವುದು ಅಲ್ಲಿಯ ಅಭ್ಯಾಸ. ಮರಗೆಲಸದಲ್ಲಿ ಅಲ್ಲದಿದ್ದರೂ ಫೋಟೋ ವಿಷಯದಲ್ಲಿ ಆ ಅಭ್ಯಾಸ ಬಿಡಬೇಕಲ್ಲ! ಯಂತ್ರಗಳನ್ನು ತುಂಬಿಕೊಂಡು ಬರುವ ಪೆಟ್ಟಿಗೆಗಳ ಮರವನ್ನು ಗೇಟ್ ಪಾಸ್ ಮಾಡಿಸಿ ಮನೆಗೆ ತಂದು ಸ್ಟೂಲು, ಶೆಲ್ಫು ಮಾಡುತ್ತಿದ್ದ. ರಜೆ ಸಿಕ್ಕರೆ ಕ್ಯಾಮೆರಾ ಹೊತ್ತು ಹಂಪಿ, ಬಾದಾಮಿ, ಕಬಿನಿ ಎಂದು ಹೊರಡುತ್ತಿದ್ದ. ವೈಟ್‌ಫೀಲ್ಡಿನ ಅವನ ಫೋಟೋ ಕ್ಲಬ್ಬಿನವರಿಗೆ ಒಂದು ನಿಯಮ ವೇದವಾಕ್ಯವಾಗಿತ್ತು. ಮನುಷ್ಯರ ಚಿತ್ರ ಸಹಜವಾಗಿರಬೇಕು, ಕ್ಯಾಮೆರಾ ನೋಡಿದರೆ ಕೆಟ್ಟಿತು.

ಶೇಖವ್ವ ನೋಡಿಬಿಟ್ಟಿದ್ದಳು. ಅವನು ಕ್ಯಾಮೆರಾ ಎತ್ತಿದ್ದೇ ತಡ, ಬುಟ್ಟಿ ಕೆಳಗಿಟ್ಟು, ಡ್ರಮ್ಮಿನ ನೀರಲ್ಲಿ ಮುಖ ತೊಳೆದು, ತಲೆ ಮೇಲೆ ಸೆರಗು ಎಳೆದುಕೊಂಡು ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದಳು. ಅವಳ ಮನಸ್ಸು ನೋಯಿಸಬಾರದೆಂದು ಎರಡು ಸಲ ಕ್ಲಿಕ್ಕಿಸಿದ. ಆಮೇಲೆ ಅವಳು ಕ್ಯಾಮೆರಾ ಮರೆತು ಕೆಲಸದಲ್ಲಿ ಮುಳುಗುವುದನ್ನೇ ಮುಕ್ಕಾಲು ಗಂಟೆ ಕಾದ. ಸಂಜೆ ಬಿಸಿಲು ಸಿಮೆಂಟಿನ ಧೂಳಿಗೆ ಬಿದ್ದಾಗ ಅವಳು ಬುಟ್ಟಿ ಹೊತ್ತು ಏಣಿ ಹತ್ತಿದಳು. ಆ ಚಿತ್ರಕ್ಕೆ ಕ್ಲಬ್ಬಿನ ಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂತು. ಮೊದಲಿನ ಎರಡನ್ನು ತೆಗೆದ ದಿನವೇ, ಮನೆ ಗೇಟು ತೆಗೆಯುವುದರೊಳಗೆ ಅಳಿಸಿದ್ದ. ಮರುದಿನ ಬಾದಾಮಿಗೆ ಹೊರಡಬೇಕಿತ್ತು, ಕ್ಯಾಮೆರಾದ ಕಾರ್ಡು ಖಾಲಿ ಬೇಕಿತ್ತು.

ಆದರೂ ಹುಡುಕಿದ. ಇಲ್ಲವೆಂದು ಗೊತ್ತಿದ್ದದ್ದನ್ನು ಹುಡುಕುವುದರಲ್ಲೂ ಒಂದು ಸಮಾಧಾನ ಇರುತ್ತದೆ. ಎರಡು ಹಾರ್ಡ್‌ಡಿಸ್ಕ್ ಜಾಲಾಡಿದ. ಒಂದೇ ಮಿಂಚುಳ್ಳಿಯ ಅರವತ್ತು ಫೋಟೋಗಳು ಭದ್ರವಾಗಿದ್ದವು, ಒಂದೊಂದರಲ್ಲೂ ಅದರ ಕಣ್ಣು ಚೂಪಾಗಿ ಅವನನ್ನೇ ನೋಡುತ್ತಿತ್ತು. ಕಾಫಿ ತಂದ ಹೆಂಡತಿ ಸೌಮ್ಯ ವಿಷಯ ಕೇಳಿ ಪರದೆಯ ಕಡೆ ಬಗ್ಗಿ ನೋಡಿದಳು.

"ಹಕ್ಕಿ ನಿಮ್ಮನ್ನ ನೋಡಿದ್ರೆ ಇಟ್ಕೋತೀರ, ಮನುಷ್ಯರು ನೋಡಿದ್ರೆ ಡಿಲೀಟ್ ಮಾಡ್ತೀರ. ಅಲ್ವಾ ರೀ?"

ಅವನು ಬಹುಮಾನದ ಚಿತ್ರವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದ. ಅದಕ್ಕೊಂದು ಚೌಕಟ್ಟು ಮಾಡಲು ಕೂತ. ಟೀಪಾಯಿಗೆಂದು ಮೂರು ವರ್ಷದಿಂದ ಜೋಪಾನ ಮಾಡಿದ್ದ ತೇಗದ ತುಂಡನ್ನು ಹೊರಗೆ ತೆಗೆದ. ಸಾಮಾನ್ಯವಾಗಿ ಮೂಲೆಗಳಲ್ಲಿ ಸಂದು ಉಳಿದರೆ ಮರದ ಪುಡಿಗೆ ಅಂಟು ಕಲಸಿ ಮೆತ್ತಿಬಿಡುತ್ತಿದ್ದ. ಈ ಸಲ ಹಾಗೆ ಮಾಡಲಿಲ್ಲ. ನಾಲ್ಕು ದಿನ, ಕೆಲಸದಿಂದ ಬಂದ ಕೂಡಲೇ ಮಹಡಿ ಹತ್ತಿ ಉಳಿ ಹಿಡಿದ. ನಾಲ್ಕು ಮೂಲೆಗಳೂ ಮೊಳೆಯಿಲ್ಲದೆ ಕಚ್ಚಿ ಕೂತವು. ಇಷ್ಟು ಚೆನ್ನಾಗಿದ್ದರೆ ಯಮನಪ್ಪ ಆ ಇನ್ನೊಂದನ್ನು ಕೇಳಲಿಕ್ಕಿಲ್ಲ ಎಂದುಕೊಂಡ. ಅಪರಾಧಿಗಳ ಲೆಕ್ಕಾಚಾರ ಹೀಗೇ ಇರುತ್ತದೆ.

ಭಾನುವಾರ ಯಮನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಬೆಳಕಿಗೆ ತಿರುಗಿಸಿಯೂ ನೋಡಿದ.

"ಸೀರಿ ಆಕಿದ ಐತ್ರಿ" ಎಂದ. "ಮಾರಿ ಎಲ್ಲೈತಿ?"

ಇನ್ನು ಮುಚ್ಚಿಡಲು ಆಗಲಿಲ್ಲ. "ನೀನು ಹೇಳಿದ್ದನ್ನ ಅಳಿಸ್ಬಿಟ್ಟೆ ಕಣಪ್ಪ. ಅವತ್ತೇ. ಚೆನ್ನಾಗಿ ಬಂದಿಲ್ಲ ಅಂತ. ತಪ್ಪಾಯ್ತು."

ಯಮನಪ್ಪ ಸಿಟ್ಟಾಗಲಿಲ್ಲ. ಫೋಟೋ ಕೆಡುವುದೆಂದರೇನು ಎಂದು ಅವನಿಗೂ ಗೊತ್ತಿತ್ತು.

"ಕಣ್ಣು ಮುಚ್ಚಿದ್ಲೇನ್ರಿ?"

"ಇಲ್ಲ. ಕ್ಯಾಮೆರಾನೇ ನೋಡ್ತಿದ್ರು. ಅದಕ್ಕೇ..."

"ಮತ್ತೆಲ್ಲಿ ನೋಡ್ಬೇಕಿತ್ರಿ ಆಕಿ?"

ಭಾನುಪ್ರಕಾಶನಿಗೆ ನಾಚಿಕೆಯಾಯಿತು. ಕ್ಲಬ್ಬಿನಲ್ಲಿ ಈ ವಿಷಯದ ಮೇಲೆ ಅವನೇ ಒಂದು ಗಂಟೆ ಮಾತಾಡಿದ್ದ.

ಯಮನಪ್ಪ ಚೌಕಟ್ಟನ್ನು ಮಗುಚಿ, ಹಿಂದಿನ ಕೊಂಡಿಗಳನ್ನು ಒಂದೊಂದಾಗಿ ತಿರುಗಿಸಿ, ಫೋಟೋವನ್ನು ಮಡಿಕೆ ಬೀಳದಂತೆ ಹೊರಗೆಳೆದ. ಕೆಲಸದ ಬೆಂಚಿನ ಮೇಲಿಟ್ಟ. ಬೆರಳಿನಿಂದ ಚೌಕಟ್ಟಿನ ಮೂಲೆ ಸವರಿದ.

"ಕಟ್ಟು ಚೊಲೊ ಮಾಡೀರಿ ಸರ್. ಇದನ್ನ ಒಯ್ತೀನ್ರಿ. ಆಧಾರ್ ಕಾರ್ಡಿನಾಗಿಂದ ದೊಡ್ಡದ ಮಾಡ್ಸಿ ಹಾಕ್ತೀನಿ. ಅದರಾಗ ಆಕಿ ನೆಟ್ಟಗ ನೋಡ್ಯಾಳ. ಮಗಳಿಗೆ ದಿನಾ ನೋಡಿದ್ರ ರೂಢಿ ಆಗ್ತೈತಿ."

ಖಾಲಿ ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದು ಹೋದ.

ಭಾನುಪ್ರಕಾಶ್ ಬೆಂಚಿನ ಹತ್ತಿರ ಬಂದು, ಬಹುಮಾನದ ಚಿತ್ರದಲ್ಲಿ ಮೊದಲ ಸಲ ಶೇಖವ್ವನ ಮುಖಕ್ಕಾಗಿ ಹುಡುಕಿದ. ಬಿಸಿಲಿತ್ತು, ಧೂಳಿತ್ತು, ಏಣಿಯಿತ್ತು. ಬುಟ್ಟಿ ಹಿಡಿದ ತೋಳು ಮುಖಕ್ಕೆ ಅಡ್ಡ ಬಂದಿತ್ತು. ಅವಳು ತನ್ನತ್ತ ನೋಡದಿರಲಿ ಎಂದೇ ಅವನು ಮುಕ್ಕಾಲು ಗಂಟೆ ಕಾದಿದ್ದ.